ಬಚ್ಚಲೊಲೆಯ ಮುಂದೆ ಕೇಳಿದ ಹೆಸರುಗಳು

ನೀರು ತುಂಬುವ ಹಬ್ಬದ ಸಂಜೆ ನಮ್ಮ ಮನೆಯಲ್ಲಿ ಬಚ್ಚಲಿಗೆ ದೇವರಕೋಣೆಯಷ್ಟೇ ಮರ್ಯಾದೆ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಕೆಮ್ಮಣ್ಣು ಸುಣ್ಣದ ಗೆರೆ ಎಳೆದು, ಬಾವಿಯಿಂದ ಹೊಸ ನೀರು ತುಂಬಿ ಒಲೆ ಹಚ್ಚಿದರೆ ಬೆಳಗಿನ ಜಾವದ ಎಣ್ಣೆಸ್ನಾನದವರೆಗೆ ಬೆಂಕಿ ಆರಬಾರದು. ನಲವತ್ತು ವರ್ಷದ ಹಿಂದೆ ನಾನು ಮೆಡಿಕಲ್ ಸೇರಿ ಮೊದಲ ಸಲ ರಜೆಗೆ ಊರಿಗೆ ಬಂದಿದ್ದೆ. ಆ ರಾತ್ರಿ ಒಲೆ ಕಾಯುವ ಕೆಲಸ ನನಗೂ ದೊಡ್ಡಪ್ಪನಿಗೂ ಬಿತ್ತು. ಅವರಿಗೆ ವಯಸ್ಸಾಗಿ ನಿದ್ದೆ ಬರುತ್ತಿರಲಿಲ್ಲ. ನನಗೆ ಬೇರೆ ಕಾರಣಕ್ಕೆ ಬರುತ್ತಿರಲಿಲ್ಲ.

ಸೀನಿಯರ್ ಒಬ್ಬಳಿಂದ ಕೊಂಡಿದ್ದ ಮೂಳೆ ಪೆಟ್ಟಿಗೆಯನ್ನು ಅಮ್ಮ ಹೊಸಿಲು ದಾಟಿಸಿರಲಿಲ್ಲ. ಅದು ಕೊಟ್ಟಿಗೆಯ ಅಟ್ಟದಲ್ಲಿ ಅಡಿಕೆ ಸೋಗೆಯ ಹೊರೆಗಳ ಪಕ್ಕ ಕೂತಿತ್ತು. "ಹೆಣ ಮುಟ್ಟಿ ಬಂದಿದೀಯ, ಮೊದಲು ತಲೆಮೇಲೆ ನೀರು ಹಾಕ್ಕೋ" ಎಂದು ನನ್ನನ್ನೂ ಅಂಗಳದಲ್ಲೇ ನಿಲ್ಲಿಸಿದ್ದಳು. ನಿಜ ಹೇಳಬೇಕೆಂದರೆ ನಾನಿನ್ನೂ ಮುಟ್ಟಿರಲಿಲ್ಲ. ನೋಡಿದ್ದೆ ಅಷ್ಟೆ. ಡಿಸೆಕ್ಷನ್ ಹಾಲಿನಲ್ಲಿ ನಮ್ಮ ಬ್ಯಾಚಿಗೆ ಕೊಟ್ಟ ನಾಲ್ಕನೇ ಟೇಬಲ್ಲಿನ ಮೇಲೆ ಒಬ್ಬ ಮುದುಕಿ ಮಲಗಿದ್ದಳು. ಬಲಗೈ ಮುಂದೋಳಿನ ಒಳಮೈಯಲ್ಲಿ ಹಸಿರು ಹಚ್ಚೆ. ತುಳಸಿಕಟ್ಟೆಯ ಗೆರೆಗಳು, ಅವುಗಳ ಕೆಳಗೆ ಒಂದು ಹೆಸರು. ಫಾರ್ಮಲಿನ್ನಿಗೆ ಚರ್ಮ ಕಂದಿ ಮೊದಲಿನ 'ಗ' ಮತ್ತು ಕೊನೆಯ 'ಮ್ಮ' ಮಾತ್ರ ಓದಲು ಬರುತ್ತಿತ್ತು. ಗಂಗಮ್ಮನೋ ಗೌರಮ್ಮನೋ ಗಿರಿಜಮ್ಮನೋ. ರಜೆ ಮುಗಿದ ಮೇಲೆ ನಾವು ಕೊಯ್ಯಬೇಕಾದದ್ದು ಎದೆ, ಕಂಕುಳು, ತೋಳು, ಆಮೇಲೆ ಆ ಮುಂದೋಳು.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ಬೇರೆ ಊರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅನಾಟಮಿ ಪಾಠ ಮಾಡಿ ನಿವೃತ್ತರಾಗಿದ್ದವರು. ವಿದ್ಯಾರ್ಥಿ ವೇತನದ ಮೇಲೆ ಒಂದು ವರ್ಷ ಸ್ಕಾಟ್ಲೆಂಡಿನಲ್ಲಿ ಇದ್ದು ಬಂದವರು. ತಟ್ಟನೆ ಸಮಾಧಾನ ಹೇಳುವ ಜನ ಅಲ್ಲ. ಕೊಳ್ಳಿಯನ್ನು ಸ್ವಲ್ಪ ಒಳಗೆ ನೂಕಿದರು. "ಡಿಸೆಕ್ಷನ್ನಿಗೆ ಯಾವ ಪುಸ್ತಕ ತಗೊಂಡೆ?"

"ಕನ್ನಿಂಗ್‌ಹ್ಯಾಮ್."

"ಕನ್ನಿಂಗ್‌ಹ್ಯಾಮ್ 1903ರಿಂದ 1909ರವರೆಗೆ, ಸಾಯೋತನಕ, ಎಡಿನ್‌ಬರೋದಲ್ಲಿ ಅನಾಟಮಿ ಪ್ರೊಫೆಸರ್ ಆಗಿದ್ದವನು. ಆಮೇಲೆ ಆ ಪುಸ್ತಕ ತಿದ್ದಿದ ರೊಮೇನ್ಸೂ ಅಲ್ಲಿಯವನೇ. ನಮ್ಮ ದೇಶದ ಹುಡುಗರೆಲ್ಲ ಕತ್ತರಿ ಹಿಡಿಯೋದು ಆ ಊರು ಹೇಳಿಕೊಟ್ಟ ಹಾಗೆ. ಆ ಊರಿನ ಕತೆ ನಿನಗೆ ಯಾರೂ ಹೇಳಿಲ್ಲ ಅಲ್ವ?" ಎಂದರು.

ಅಂದು ಅವರು ಹೇಳಿದ್ದೆಷ್ಟು, ಆಮೇಲೆ ನಾನೇ ಹುಡುಕಿ ಓದಿದ್ದೆಷ್ಟು ಎಂದು ಈಗ ಬೇರೆ ಮಾಡಲಾರೆ. ಎರಡೂ ಕೂಡಿಹೋಗಿವೆ. ಓದುವಾಗೆಲ್ಲ ಕಿವಿಯಲ್ಲಿ ಇದ್ದದ್ದು ಅವರ ದನಿಯೇ.

ಇನ್ನೂರು ವರ್ಷದ ಹಿಂದೆ ಎಡಿನ್‌ಬರೋ ಎಂದರೆ ವೈದ್ಯ ಕಲಿಯುವವರಿಗೆ ಕಾಶಿ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು ಮೂರನೇ ಅಲೆಕ್ಸಾಂಡರ್ ಮನ್ರೋ. ಅಜ್ಜ, ಅಪ್ಪ ಕೂತ ಪೀಠದಲ್ಲೇ ಕೂತವನು, ಅವನ ಪಾಠ ಹುಡುಗರಿಗೆ ರುಚಿಸುತ್ತಿರಲಿಲ್ಲ. ಅದಕ್ಕೇ ಸರ್ಜನ್ಸ್ ಸ್ಕ್ವೇರಿನಲ್ಲಿ ಖಾಸಗಿಯಾಗಿ ಪಾಠ ನಡೆಸುತ್ತಿದ್ದ ಡಾಕ್ಟರ್ ರಾಬರ್ಟ್ ನಾಕ್ಸ್ ಬಳಿಗೆ ಸಾಲುಗಟ್ಟುತ್ತಿದ್ದರು. ಸಿಡುಬಿಗೆ ಒಂದು ಕಣ್ಣು ಕಳಕೊಂಡಿದ್ದ ಮನುಷ್ಯ, ವಾಟರ್ಲೂ ಯುದ್ಧದ ಗಾಯಾಳುಗಳನ್ನು ನೋಡಿಕೊಂಡಿದ್ದ ಸೇನಾ ವೈದ್ಯ, ಮಾತಿನ ಮೋಡಿಗಾರ. 1828ರಲ್ಲಿ ಅವನ ತರಗತಿಯಲ್ಲಿ 500ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅಷ್ಟು ಜನರ ಕತ್ತರಿಗೆ ಶವ ಎಲ್ಲಿಂದ ತರುವುದು? ಕಾನೂನು ಪ್ರಕಾರ ಮುಖ್ಯವಾಗಿ ಸಿಗುತ್ತಿದ್ದದ್ದು ಗಲ್ಲಿಗೇರಿದ ಕೊಲೆಗಾರರದು, ಅದೂ ವರ್ಷಕ್ಕೆ ಬೆರಳೆಣಿಕೆಯಷ್ಟು. ಉಳಿದದ್ದನ್ನು ರಾತ್ರಿ ಗೋರಿ ಅಗೆಯುವವರು ತಂದುಕೊಡುತ್ತಿದ್ದರು. ಜನ ಗೋರಿಗಳ ಮೇಲೆ ಕಬ್ಬಿಣದ ಪಂಜರ ಹಾಕಿಸಿದರು, ಸ್ಮಶಾನದಲ್ಲಿ ಕಾವಲು ಗೋಪುರ ಕಟ್ಟಿಸಿದರು. ಬಡವರಿಗೆ ಪಂಜರಕ್ಕೆ ದುಡ್ಡೆಲ್ಲಿ? ತಾಯಿ ಸತ್ತರೆ ಮಗ, ಮಗು ಸತ್ತರೆ ತಂದೆ, ಮಣ್ಣಿನೊಳಗಿನ ದೇಹ ಯಾರಿಗೂ ಉಪಯೋಗವಿಲ್ಲದಷ್ಟು ಕೊಳೆಯುವವರೆಗೆ ದೊಣ್ಣೆ ಹಿಡಿದು ಗೋರಿ ಕಾಯುತ್ತಿದ್ದರು. "ಇಲ್ಲಿ ನಾವು ಒಲೆ ಕಾಯ್ತಿದೀವಲ್ಲ, ಹಾಗೆ" ಎಂದರು ದೊಡ್ಡಪ್ಪ. ನನಗೆ ಬೆಂಕಿಯ ಎದುರಿದ್ದೂ ಬೆನ್ನು ತಣ್ಣಗಾಯಿತು.

ವೆಸ್ಟ್ ಪೋರ್ಟ್ ಎಂಬ ಬಡ ಕೇರಿಯಲ್ಲಿ ಟ್ಯಾನರ್ಸ್ ಕ್ಲೋಸ್ ಎಂದೊಂದು ಓಣಿ. ಅಲ್ಲಿ ವಿಲಿಯಂ ಹೇರ್ ಮತ್ತು ಅವನ ಹೆಂಡತಿ ಮಾರ್ಗರೆಟ್ ಒಂದು ರಾತ್ರಿಗೆ ಇಷ್ಟು ಎಂದು ಬಾಡಿಗೆಗೆ ಮಲಗಲು ಜಾಗ ಕೊಡುವ ಮನೆ ನಡೆಸುತ್ತಿದ್ದರು. ವಿಲಿಯಂ ಬರ್ಕ್ ತನ್ನ ಸಂಗಾತಿ ಹೆಲೆನ್ ಮ್ಯಾಕ್‌ಡೂಗಲ್ ಜೊತೆ ಅಲ್ಲಿಗೆ ಬಂದು ಸೇರಿಕೊಂಡ. ಇಬ್ಬರು ಗಂಡಸರೂ ಐರ್ಲೆಂಡಿನಿಂದ ಕಾಲುವೆ ಅಗೆಯುವ ಕೂಲಿಗೆ ಬಂದವರು. 1827ರ ನವೆಂಬರಿನಲ್ಲಿ ಆ ಮನೆಯಲ್ಲಿದ್ದ ಡೊನಾಲ್ಡ್ ಎಂಬ ಮುದಿ ಸೈನಿಕ ಮೈ ಬಾತು ಸತ್ತ. ಇದು ಕೊಲೆಯಲ್ಲ, ಕಾಯಿಲೆ. ಅವನು ಹೇರ್‌ಗೆ 4 ಪೌಂಡ್ ಬಾಡಿಗೆ ಬಾಕಿ ಇಟ್ಟಿದ್ದ. ಬಾಕಿ ವಸೂಲಿಗೆ ಈ ಇಬ್ಬರೂ ಶವಪೆಟ್ಟಿಗೆಯಿಂದ ಹೆಣ ತೆಗೆದು, ತೊಗಲು ಹದ ಮಾಡುವ ಮರದ ತೊಗಟೆ ತುಂಬಿ ಮುಚ್ಚಿದರು. ಊರವರು ಆ ತೊಗಟೆಗೆ ಮಣ್ಣು ಕೊಟ್ಟು ಬಂದರು. ಇವರು ಕತ್ತಲಾದ ಮೇಲೆ ಮನ್ರೋನನ್ನು ಹುಡುಕಿಕೊಂಡು ಹೋದರೆ, ದಾರಿಯಲ್ಲಿ ಸಿಕ್ಕ ವಿದ್ಯಾರ್ಥಿಯೊಬ್ಬ ನಾಕ್ಸನ ಬಾಗಿಲು ತೋರಿಸಿದ. ಅಲ್ಲಿ ಸಿಕ್ಕಿದ್ದು 7 ಪೌಂಡ್ 10 ಷಿಲಿಂಗ್. ಇನ್ನೊಂದು ಇದ್ದರೆ ತನ್ನಿ ಎಂದು ನಾಕ್ಸನ ಸಹಾಯಕರು ಹೇಳಿ ಕಳಿಸಿದರು.

"ಆ ಒಂದು ಮಾತು ನೋಡು" ಎಂದು ದೊಡ್ಡಪ್ಪ ಸುಮ್ಮನಾದರು. ಹಂಡೆಯ ನೀರು ಸಣ್ಣಗೆ ಸದ್ದು ಮಾಡತೊಡಗಿತ್ತು.

ಮುಂದಿನ ವರ್ಷ ಹತ್ತೇ ತಿಂಗಳಲ್ಲಿ ಹದಿನಾರು ಜನರನ್ನು ಕೊಂದರು. ಒಳ್ಳೆಯ ಮಾತಾಡಿ ಮನೆಗೆ ಕರೆದು, ಕುಡಿಸಿ, ಒಬ್ಬ ಎದೆಯ ಮೇಲೆ ಕೂತರೆ ಇನ್ನೊಬ್ಬ ಮೂಗು ಬಾಯಿ ಒತ್ತಿ ಹಿಡಿಯುವುದು. ಮೈಮೇಲೆ ಗುರುತು ಉಳಿಯುವುದಿಲ್ಲ. ಹೀಗೆ ಉಸಿರುಗಟ್ಟಿಸುವುದಕ್ಕೆ ಇಂಗ್ಲಿಷಿನಲ್ಲಿ ಬರ್ಕ್‌ನ ಹೆಸರೇ ಕ್ರಿಯಾಪದವಾಯಿತು. ಬೇಸಿಗೆಯಲ್ಲಿ ಹೆಣಕ್ಕೆ 8 ಪೌಂಡ್, ಚಳಿಗಾಲದಲ್ಲಿ 10. ಸತ್ತವರು ಯಾರು? ಗಿಲ್ಮರ್ಟನ್ ಹಳ್ಳಿಯಿಂದ ಉಪ್ಪು ಮಾರಲು ಬಂದ ಅಬಿಗೇಲ್ ಸಿಂಪ್ಸನ್. ಕಸದಲ್ಲಿ ಆಯ್ದು ಬದುಕುತ್ತಿದ್ದ ಎಫಿ. ಬಟ್ಟೆ ಒಗೆಯುತ್ತಿದ್ದ ಹೆಂಗಸು. ಹಾಲ್ಡೇನ್ ಎಂಬ ಮುದುಕಿ, ಆಮೇಲೆ ಅಮ್ಮ ಎಲ್ಲಿ ಎಂದು ಹುಡುಕಿಕೊಂಡು ಬಂದ ಅವಳ ಮಗಳು. ಒಬ್ಬ ಅಜ್ಜಿ, ಅವಳ ಜೊತೆಗಿದ್ದ ಮಾತು ಬಾರದ ಮೊಮ್ಮಗ. ದೊಡ್ಡಪ್ಪ ಇವನ್ನೆಲ್ಲ ಬೇಗ ಬೇಗ ಹೇಳಿದರು. ನಾನೂ ಬೇಗ ಬರೆದು ಮುಗಿಸುತ್ತಿದ್ದೇನೆ. ಒಲೆಯ ಮುಂದೆ ಕೂತು ಹೇಳುವ ಕತೆಗೆ ಭಯ ಬೇಕು ಎನ್ನುತ್ತಾರೆ, ಆದರೆ ಆ ಮೊಮ್ಮಗನನ್ನು ಭಯಕ್ಕೆ ಬಳಸಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಮೂವರ ಬಗ್ಗೆ ಮಾತ್ರ ಅವರು ನಿಧಾನವಾಗಿ ಹೇಳಿದರು.

ಮೇರಿ ಪ್ಯಾಟರ್ಸನ್. ವಯಸ್ಸು ಹದಿನೆಂಟರ ಆಸುಪಾಸು, ಚೆಲುವೆ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಗೆಳತಿ ಜ್ಯಾನೆಟ್ ಬ್ರೌನ್ ಜೊತೆ ಬರ್ಕ್‌ನ ಮಾತಿಗೆ ಮರುಳಾಗಿ ಹೋದಳು. ಜ್ಯಾನೆಟ್ ನಡುವೆ ಎದ್ದು ಹೊರಟದ್ದಕ್ಕೆ ಬದುಕಿದಳು. ಕೆಲವೇ ಗಂಟೆಗಳಲ್ಲಿ ಮೇರಿ ಸರ್ಜನ್ಸ್ ಸ್ಕ್ವೇರಿನಲ್ಲಿದ್ದಳು. ಇನ್ನೂ ಮೈ ಸೆಟೆದಿರಲಿಲ್ಲ. ಅಲ್ಲಿದ್ದ ಒಬ್ಬನಿಗೆ ಮುಖ ಗುರುತು ಸಿಕ್ಕಿತು. ಎಲ್ಲಿಂದ ತಂದೆ ಎಂದು ಕೇಳಿದ್ದಕ್ಕೆ, ಒಬ್ಬ ಮುದುಕಿಯಿಂದ ಕೊಂಡೆ ಎಂದ ಬರ್ಕ್. ಅಲ್ಲಿಗೆ ವಿಚಾರಣೆ ಮುಗಿಯಿತು. ನಾಕ್ಸ್ ಆ ದೇಹವನ್ನು ಕೊಯ್ಯದೆ ಮೂರು ತಿಂಗಳು ವಿಸ್ಕಿಯಲ್ಲಿ ಇಡಿಸಿದ, ಚಿತ್ರಗಾರನನ್ನು ಕರೆಸಿ ಬರೆಸಿದ.

ಎರಡನೆಯವನು ಜೇಮ್ಸ್ ವಿಲ್ಸನ್. ಊರಿಗೆಲ್ಲ ಜೇಮಿ ಎಂದೇ ಗೊತ್ತಿದ್ದ ಹುಡುಗ, ಹತ್ತೊಂಬತ್ತರ ಹತ್ತಿರ. ಬುದ್ಧಿ ಮಗುವಿನದು, ಪಾದಗಳು ಸೊಟ್ಟ, ಚಳಿಗಾಲದಲ್ಲೂ ಬರಿಗಾಲು. ಮಕ್ಕಳಿಗೆ ಒಗಟು ಹೇಳುತ್ತಿದ್ದ. ಅವನ ಬಳಿ ಒಂದು ನಶ್ಯದ ಡಬ್ಬಿ, ಏಳು ತೂತಿನ ಒಂದು ಪುಟ್ಟ ಚಮಚ. ಆ ಏಳು ತೂತಿನಿಂದ ಅವನು ವಾರದ ದಿನ ಲೆಕ್ಕ ಹಾಕುತ್ತಿದ್ದ. ಅಕ್ಟೋಬರಿನಲ್ಲಿ, ಅಮ್ಮನನ್ನು ಹುಡುಕುತ್ತಿದ್ದವನಿಗೆ ನಿನ್ನಮ್ಮ ನಮ್ಮಲ್ಲಿಗೆ ಬರುತ್ತಾಳೆ ಎಂದು ಹೇಳಿ ಒಳಗೆ ಕರೆದರು. ಅವನು ಹೆಚ್ಚು ಕುಡಿಯಲಿಲ್ಲ. ಹೆಣಗಾಡಿದ. ಇಬ್ಬರೂ ಸೇರಿ ಹಿಡಿಯಬೇಕಾಯಿತು. ಮರುದಿನ ಹೊದಿಕೆ ತೆಗೆದಾಗ ಹಲವು ವಿದ್ಯಾರ್ಥಿಗಳು ಇವನು ಜೇಮಿ ಎಂದರು. ನಾಕ್ಸ್ ಅಲ್ಲ ಎಂದ. ಆ ದೇಹವನ್ನು ಸರದಿ ತಪ್ಪಿಸಿ ಬೇಗ ಕೊಯ್ಯಲಾಯಿತು. ತಲೆ ಮತ್ತು ಪಾದಗಳು ಮೊದಲು ಹೋದವು. ಇತ್ತ ಅವನ ತಾಯಿ ಮಗನನ್ನು ಹುಡುಕುತ್ತ ಅದೇ ಊರಿನ ಬೀದಿ ತಿರುಗುತ್ತಿದ್ದಳು.

"ಆ ಪಾದ ನೋಡಿದ್ರೆ ಗೊತ್ತಾಗ್ತಿತ್ತು, ಅದಕ್ಕೆ" ಎಂದರು ದೊಡ್ಡಪ್ಪ. ಅವರ ದನಿ ಒಡೆದಿತ್ತು. ಮೂವತ್ತು ವರ್ಷ ಶವಗಳ ನಡುವೆ ಕೆಲಸ ಮಾಡಿದವರ ಕಣ್ಣು ತುಂಬಿದ್ದನ್ನು ನಾನು ಆವತ್ತೇ ಮೊದಲು ಕಂಡದ್ದು.

ಅಡುಗೆಮನೆಯಿಂದ ಕಜ್ಜಾಯದ ಹಿಟ್ಟಿನ ಕೈಯಲ್ಲೇ ಅಮ್ಮ ಬಂದು ನಿಂತಳು. "ಭಾವಯ್ಯ, ಹಬ್ಬದ ದಿನ ಹೆಣದ ಕತೆ ಯಾಕೆ?"

"ಮುಂದಿನದು ಹಬ್ಬದ ದಿನವೇ ನಡೆದದ್ದಮ್ಮ. ನೀನೂ ಕೂತ್ಕೋ" ಎಂದರು. ಅಮ್ಮ ಕೂರಲಿಲ್ಲ, ಹೋಗಲೂ ಇಲ್ಲ.

ಅಕ್ಟೋಬರ್ 31, ಅಲ್ಲಿಯವರಿಗೆ ಹ್ಯಾಲೋವೀನ್. ಐರ್ಲೆಂಡಿನಿಂದ ಮಗನನ್ನು ಹುಡುಕಿಕೊಂಡು ಬಂದಿದ್ದ ಡಾಕರ್ಟಿ ಎಂಬ ಬಡ ಹೆಂಗಸು ಅಂಗಡಿಯೊಂದರಲ್ಲಿ ಬರ್ಕ್‌ನ ಕಣ್ಣಿಗೆ ಬಿದ್ದಳು. ನಮ್ಮಮ್ಮನೂ ಡಾಕರ್ಟಿ ಮನೆತನದವಳೇ ಎಂದ. ಪರವೂರಿನಲ್ಲಿ ತವರಿನ ಹೆಸರು ಕೇಳಿದರೆ ಯಾರ ಮನಸ್ಸು ಕರಗುವುದಿಲ್ಲ? ಬರ್ಕ್ ಆಗ ಬೇರೆ ಮನೆಯಲ್ಲಿದ್ದ. ಅಲ್ಲಿ ಬಾಡಿಗೆಗಿದ್ದ ಜೇಮ್ಸ್ ಗ್ರೇ ಮತ್ತು ಆನ್ ಗ್ರೇ ದಂಪತಿಯನ್ನು ಆ ರಾತ್ರಿ ಹೇರ್ ಮನೆಗೆ ಸಾಗಹಾಕಿದರು. ಹಾಡು, ಕುಣಿತ ನಡೆಯಿತು. ನಡುರಾತ್ರಿ ಸಮೀಪಿಸುವಾಗ ಮೇಲಿನ ಮನೆಯ ಹ್ಯೂ ಆಲ್‌ಸ್ಟನ್ ಎಂಬಾತನಿಗೆ ಹೆಂಗಸೊಬ್ಬಳು ಕೊಲೆ ಎಂದು ಕೂಗಿದ್ದು ಕೇಳಿತು. ಪೊಲೀಸರನ್ನು ಹುಡುಕಿದ, ಯಾರೂ ಸಿಗಲಿಲ್ಲ. ವಾಪಸ್ ಬರುವಷ್ಟರಲ್ಲಿ ಸದ್ದು ನಿಂತಿತ್ತು.

ಮರುದಿನ ಆನ್ ಗ್ರೇ ಮಗುವಿನ ಕಾಲುಚೀಲ ಹುಡುಕಿಕೊಂಡು ಬಂದಳು. ಹಾಸಿಗೆಯ ಕಾಲಬುಡದ ಹುಲ್ಲಿನ ಹತ್ತಿರ ಹೋಗಬೇಡ ಎಂದು ಬರ್ಕ್ ಗದರಿದ. ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಗಂಡ ಹೆಂಡತಿ ಆ ಹುಲ್ಲು ಸರಿಸಿದರು. ಮೊದಲು ಕೈಗೆ ಸಿಕ್ಕಿದ್ದು ಒಂದು ತೋಳು. ಹೊರಗೆ ಓಡುವಾಗ ಹೆಲೆನ್ ಎದುರಾಗಿ, ಮಂಡಿಯೂರಿ, ಬಾಯಿ ಮುಚ್ಚಿಕೊಂಡಿದ್ದರೆ ವಾರಕ್ಕೆ 10 ಪೌಂಡ್ ದಕ್ಕುತ್ತದೆ ಎಂದು ಬೇಡಿದಳು.

ಜೇಮ್ಸ್ ಗ್ರೇ ಕೆಲಸವಿಲ್ಲದ ಮಾಜಿ ಸಿಪಾಯಿ. ನೆಲದ ಮೇಲೆ ಹುಲ್ಲು ಹಾಸಿ ಮಲಗಲು ಬಾಡಿಗೆ ಕೊಡುತ್ತಿದ್ದ ಸಂಸಾರ. ಮಗುವಿಗೆ ಇದ್ದದ್ದು ಆ ಒಂದು ಜೊತೆ ಕಾಲುಚೀಲವೋ ಏನೋ. ಅವರು ಒಲ್ಲೆ ಎಂದು ಪೊಲೀಸರ ಬಳಿಗೆ ಹೋದರು. ಈ ಕತೆಯನ್ನು ಹಲವರು ಹೇಳಿದ್ದನ್ನು ಆಮೇಲೆ ಓದಿದ್ದೇನೆ. ಗ್ರೇ ದಂಪತಿಗೆ ಅವರು ಕೊಡುವುದು ಎರಡು ಸಾಲು. ದೊಡ್ಡಪ್ಪ ಅಲ್ಲೇ ನಿಂತರು. "500 ಜನ ಶಿಷ್ಯರಿದ್ದ ಮೇಷ್ಟ್ರಿಗೆ ಕೇಳಬೇಕು ಅನ್ನಿಸಲಿಲ್ಲ. ಕಾಲುಚೀಲ ಹುಡುಕೋಕೆ ಬಂದವಳು ಹುಲ್ಲು ಸರಿಸಿ ನೋಡಿದಳು." ಅಮ್ಮ ಯಾವಾಗ ಕೂತಳೋ ಗೊತ್ತಿಲ್ಲ. ನೋಡಿದರೆ ನನ್ನ ಪಕ್ಕದ ಮಣೆಯ ಮೇಲಿದ್ದಳು.

ಡಾಕರ್ಟಿಯ ದೇಹ ನಾಕ್ಸನ ಕಟ್ಟಡದಲ್ಲಿ ಚಹಾ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು. ಆದರೆ ಗುರುತಿಲ್ಲದ ಸಾವನ್ನು ಕೊಲೆ ಎಂದು ಸಾಬೀತು ಮಾಡುವುದು ಹೇಗೆ? ಸರ್ಕಾರಿ ವಕೀಲರು ಹೇರ್ ಮತ್ತು ಅವನ ಹೆಂಡತಿಗೆ ಮಾಫಿ ಕೊಟ್ಟು ಸಾಕ್ಷಿ ಹೇಳಿಸಿದರು. 1828ರ ಡಿಸೆಂಬರ್ 24ರ ಬೆಳಗ್ಗೆ ಶುರುವಾದ ವಿಚಾರಣೆ ರಾತ್ರಿಯಿಡೀ ನಡೆದು ಕ್ರಿಸ್‌ಮಸ್ ಬೆಳಗ್ಗೆ ಮುಗಿಯಿತು. ಜ್ಯೂರಿ 50 ನಿಮಿಷ ತೆಗೆದುಕೊಂಡಿತು. ಬರ್ಕ್‌ಗೆ ಗಲ್ಲು. ಹೆಲೆನ್ ಮೇಲಿನ ಆರೋಪ ಸಾಬೀತಾಗಿಲ್ಲ ಎಂದು ಬಿಡುಗಡೆ. 1829ರ ಜನವರಿ 28ರಂದು ಲಾನ್‌ಮಾರ್ಕೆಟ್ಟಿನಲ್ಲಿ ಸಾವಿರಾರು ಜನರ ಎದುರು ಬರ್ಕ್‌ನನ್ನು ನೇಣಿಗೆ ಹಾಕಿ, ಅವನ ದೇಹವನ್ನು ಮನ್ರೋ ಕೊಯ್ದ. ಅಸ್ಥಿಪಂಜರವನ್ನು ಉಳಿಸಬೇಕೆಂದು ನ್ಯಾಯಾಧೀಶನೇ ಹೇಳಿದ್ದ. ಅದು ಇವತ್ತಿಗೂ ಆ ವಿಶ್ವವಿದ್ಯಾಲಯದ ಅನಾಟಮಿ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಅವನ ತೊಗಲಿನಿಂದ ಮಾಡಿದ ಒಂದು ಪುಟ್ಟ ಪುಸ್ತಕದ ಹೊದಿಕೆ ಸರ್ಜನ್ಸ್ ಹಾಲಿನಲ್ಲಿದೆ. ಹೇರ್‌ನನ್ನು ಶಿಕ್ಷಿಸಬೇಕೆಂದು ಜೇಮಿಯ ತಾಯಿ ಮತ್ತು ಸೋದರಿ ಕೋರ್ಟು ಹತ್ತಿದರು, ಆಗಲಿಲ್ಲ. ಅವನು ಗಡಿ ದಾಟಿ ಇಂಗ್ಲೆಂಡಿನ ಕಡೆ ಹೋದ. ನಾಕ್ಸನ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಜನ ಅವನ ಮನೆಯ ಮುಂದೆ ಅವನ ಬೊಂಬೆ ಸುಟ್ಟರು. ಮುಂದೆ ಅವನು ಲಂಡನ್ ಸೇರಿ 1862ರಲ್ಲಿ ತೀರಿಕೊಂಡ.

1831ರಲ್ಲಿ ಲಂಡನ್ನಿನಲ್ಲಿ ಬಿಷಪ್ ಮತ್ತು ವಿಲಿಯಮ್ಸ್ ಎಂಬವರು ಇದೇ ದಂಧೆಗೆ ಒಬ್ಬ ಹುಡುಗನನ್ನು ಕೊಂದರು. ಕಿಂಗ್ಸ್ ಕಾಲೇಜಿಗೆ ದೇಹ ತಂದಾಗ ಅಲ್ಲಿನ ಅನಾಟಮಿ ಶಿಕ್ಷಕ ರಿಚರ್ಡ್ ಪಾರ್ಟ್ರಿಜ್ ಅನುಮಾನಪಟ್ಟು, ಚಿಲ್ಲರೆ ಇಲ್ಲ, ಕಾಯಿರಿ ಎಂದು ಕೂರಿಸಿ ಪೊಲೀಸರನ್ನು ಕರೆಸಿದ. ಮರುವರ್ಷ, 1832ರಲ್ಲಿ, ಅನಾಟಮಿ ಕಾಯ್ದೆ ಬಂತು. ಬಡವರ ಆಶ್ರಮಗಳಲ್ಲಿ ಸತ್ತು ಯಾರೂ ಕೇಳಿಕೊಂಡು ಬಾರದ ದೇಹಗಳು ಕಾಲೇಜಿಗೆ ಎಂದಾಯಿತು. ಹೆಣದ ವ್ಯಾಪಾರ ನಿಂತಿತು. ಮೇಜಿನ ಮೇಲೆ ಮಲಗುವವರು ಮಾತ್ರ ಆ ಬಡವರೇ. ಕೊಲೆಗಾರರಿಗೆ ಇದ್ದ ಶಿಕ್ಷೆ ಬಡತನಕ್ಕೆ ವರ್ಗವಾಯಿತು ಎಂದು ಆ ಕಾಲದಲ್ಲೇ ಜನ ಹೊಟ್ಟೆಯುರಿದುಕೊಂಡರು. ನಮ್ಮ ರಾಜ್ಯದ 1957ರ ಅಂಗರಚನಾ ಕಾಯ್ದೆಯೂ ವಾರಸುದಾರರಿಲ್ಲದ ದೇಹಗಳ ಮೇಲೇ ನಿಂತದ್ದು.

"ಹಾಗಾದರೆ ನಮ್ಮ ಟೇಬಲ್ಲಿನ ಮುದುಕಿ?" ಎಂದೆ.

"ಕೊಯ್ಯಬೇಡ ಅಂತ ನಾನು ಹೇಳಲ್ಲ ಪುಟ್ಟಿ. ಕೊಯ್ಯದೆ ಕಲಿಯೋಕಾಗಲ್ಲ. ಕಲಿಯದ ಡಾಕ್ಟರ ಕೈಗೆ ಸಿಕ್ಕೋರೂ ಬಡವರೇ. ಆದರೆ ಹೆಣಗಳ ರಿಜಿಸ್ಟರ್ ಕೇಳು. ನಾನು ಕೆಲಸಕ್ಕೆ ಸೇರಿದಾಗ ಮೊದಲ ಹತ್ತು ವರ್ಷ ಕೇಳಲೇ ಇಲ್ಲ." ಅವರು ಇಷ್ಟು ಹೇಳಿ ಎದ್ದು, ಒಂದು ಕುಂಟೆ ತಂದು ಒಲೆಗೆ ಕೊಟ್ಟರು.

ದೊಡ್ಡಪ್ಪ ಹೋಗಿ ಎಷ್ಟೋ ವರ್ಷದ ಮೇಲೆ ನಾನು ಎಡಿನ್‌ಬರೋಗೆ ಹೋದೆ. ಬರ್ಕ್‌ನ ಅಸ್ಥಿಪಂಜರ ನೋಡಲು ಕಾಲು ಬರಲಿಲ್ಲ. ಸ್ಕಾಟ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಕೆಲವು ಪುಟ್ಟ ಶವಪೆಟ್ಟಿಗೆಗಳಿವೆ, ಬೆರಳುದ್ದದವು. 1836ರಲ್ಲಿ ಆರ್ಥರ್ಸ್ ಸೀಟ್ ಗುಡ್ಡದಲ್ಲಿ ಮೊಲ ಹಿಡಿಯಲು ಹೋದ ಹುಡುಗರಿಗೆ ಕಲ್ಲಿನ ಸಂದಿಯಲ್ಲಿ ಸಿಕ್ಕವು. ಒಳಗೊಂದೊಂದು ಮರದ ಬೊಂಬೆ, ಬಟ್ಟೆ ಹೊಲಿದು ತೊಡಿಸಿದ್ದು. ಆಗ ಹದಿನೇಳಿದ್ದವು, ಉಳಿದದ್ದು ಎಂಟು. ಕೊಲೆಯಾದ ಹದಿನಾರು, ಮೊದಲು ಸತ್ತ ಡೊನಾಲ್ಡ್ ಒಬ್ಬ, ಒಟ್ಟು ಹದಿನೇಳು ಎಂದು ಲೆಕ್ಕ ಕೂಡಿಸುವವರಿದ್ದಾರೆ. ಮಣ್ಣು ಕಾಣದವರಿಗೆ ಯಾರೋ ಗುಟ್ಟಾಗಿ ಮಣ್ಣು ಕೊಟ್ಟದ್ದು ಎನ್ನುತ್ತಾರೆ. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಬೊಂಬೆಗಳೋ ಗಂಡಸರ ಉಡುಪಿನವು, ಆದ್ದರಿಂದ ಅಲ್ಲ ಎನ್ನುವವರೂ ಇದ್ದಾರೆ. ನಾನು ಆ ಗಾಜಿನ ಮುಂದೆ ನಿಂತು ಗೊತ್ತಿದ್ದ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡೆ.

ಅಂದು ಆ ಹಬ್ಬದ ರಜೆ ಮುಗಿಸಿ ಕಾಲೇಜಿಗೆ ಹೋದ ದಿನವೇ ಡಿಸೆಕ್ಷನ್ ಹಾಲಿನ ಅಟೆಂಡರ್ ಹತ್ತಿರ ರಿಜಿಸ್ಟರ್ ತೋರಿಸಿ ಎಂದೆ. ಯಾರೂ ಕೇಳಿದ್ದಿಲ್ಲವಮ್ಮ ಎಂದು ಅವರು ಬೀರುವಿನಿಂದ ತೆಗೆದುಕೊಟ್ಟರು. ನಾಲ್ಕನೇ ಟೇಬಲ್ಲಿನ ಸಾಲಿನಲ್ಲಿ ಇದ್ದದ್ದು ಇಷ್ಟು: ಅಪರಿಚಿತ ಹೆಂಗಸು, ಸುಮಾರು 65, ಬಸ್‌ಸ್ಟ್ಯಾಂಡ್. ಗುರುತಿನ ಕಲಮಿನಲ್ಲಿ ಏನೂ ಬರೆದಿರಲಿಲ್ಲ. ಬಲ ಮುಂದೋಳಿನಲ್ಲಿ ಹಚ್ಚೆ, ತುಳಸಿಕಟ್ಟೆ, ಹೆಸರಿನ ಮೊದಲಕ್ಷರ ಗ, ಕೊನೆಯಕ್ಷರ ಮ್ಮ ಎಂದು ನಾನು ಹೇಳುತ್ತ ಹೋದೆ, ಅವರು ತುಂಬಿದರು.

ಕೆಲವು ವಾರಗಳ ಮೇಲೆ ಮುಂದೋಳಿನ ಸರದಿ ಬಂತು. ಪುಸ್ತಕದಲ್ಲಿ ಹೇಳಿದ ಗೆರೆ ನೇರ ಹಚ್ಚೆಯ ನಡುವೆ ಹಾದುಹೋಗುತ್ತಿತ್ತು. ನಮ್ಮ ಟೇಬಲ್ಲಿನ ಎಂಟೂ ಜನ ಮಾತಾಡಿಕೊಂಡು ಕತ್ತರಿಯನ್ನು ಒಂದಿಂಚು ಹೊರಗೆ ಸರಿಸಿದೆವು. ಚರ್ಮ ಅಕ್ಷರಗಳ ಸಮೇತ ಇಡಿಯಾಗಿ ಬಿಡಿಸಿಕೊಂಡಿತು. ಪ್ರತಿ ಸಂಜೆ ಕೆಲಸ ಮುಗಿದ ಮೇಲೆ ಅದನ್ನು ಮೊದಲಿದ್ದ ಜಾಗಕ್ಕೇ ಎಳೆದು ಹೊದಿಸಿ, ಒದ್ದೆ ಬಟ್ಟೆ ಸುತ್ತಿ, ದೀಪ ಆರಿಸಿ ಬರುತ್ತಿದ್ದೆವು.